ಬಿಡಾರ ಎಲ್ಲಿ?

ಹಿಂದಿನ ತಲೆಮಾರಿನಲ್ಲಿ ಮದುವೆಯ ದಿನವೆಂಬುದು ಲಗ್ನಪತ್ರಿಕೆಯಲ್ಲಿ ಅಚ್ಚಾಗಿ, ಅನಂತರ ಬೀರುವಿನ ತಳದಲ್ಲಿ ಹಳದಿಗಟ್ಟುತ್ತಿದ್ದ ಒಂದು ಸಂಗತಿಯಷ್ಟೆ. ಮಕ್ಕಳ ನಾಮಕರಣ, ಉಪನಯನ, ಹಿರಿಯರ ತಿಥಿ ಮುಂತಾದುವಕ್ಕೆ ಪಂಚಾಂಗದಲ್ಲಿ ಸ್ಥಳವಿತ್ತೇ ಹೊರತು, ಗಂಡಹೆಂಡಿರು ಕೈಹಿಡಿದ ದಿನವನ್ನು ಅವರಿಬ್ಬರೇ ನೆನೆಯುವುದಕ್ಕೆ ಸ್ಥಳವಿರಲಿಲ್ಲ. ಯಜಮಾನರಿಗೆ ಅರುವತ್ತು ತುಂಬಿ ಶಾಂತಿ ಮಾಡಿಸಿದಾಗ ಮತ್ತೊಮ್ಮೆ ಹಾರ ಬದಲಾಯಿಸಿಕೊಂಡು, ಮೊಮ್ಮಕ್ಕಳ ನಗೆಯ ನಡುವೆ ನಾಚಿಕೊಂಡರೆ ಅಲ್ಲಿಗೆ ಮುಗಿಯುತ್ತಿತ್ತು.

ಈಗ ಕಾಲ ಬದಲಾಗಿದೆ. ಇಪ್ಪತ್ತೈದನೆಯ ವರ್ಷ ಬರುತ್ತಿದ್ದಂತೆಯೇ ಮಕ್ಕಳು ದುಂಬಾಲು ಬೀಳುತ್ತಾರೆ: “ನೀವಿಬ್ಬರೇ ಎಲ್ಲಿಗಾದರೂ ಹೋಗಿ ಬನ್ನಿ.” ಊರಿನ ನಿಶ್ಚಯಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ. ಬೆಂಗಳೂರಿನ ದಂಪತಿಗಳಾದರೆ ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಹೆಸರು ಮೈಸೂರು. ಸುಮಾರು 140 ಕಿಲೋಮೀಟರ್ ದೂರ, ರೈಲಿಗೇನೂ ಬರವಿಲ್ಲ, ಮದುವೆಯಾದ ಹೊಸದರಲ್ಲಿ ಒಮ್ಮೆ ಹೋಗಿ ಬಂದ ನೆನಪೂ ಇರುತ್ತದೆ. ಊರು ಗೊತ್ತಾಯಿತು, ದಿನ ಗೊತ್ತಾಯಿತು, ಟಿಕೀಟೂ ಆಯಿತು. ಆಮೇಲೆ ಏಳುವ ಪ್ರಶ್ನೆಯನ್ನು ಮಾತ್ರ ತೀರ ಚಿಕ್ಕದೆಂದು ಎಲ್ಲರೂ ಕೊನೆಗೆ ಬಿಟ್ಟಿರುತ್ತಾರೆ: ಬಿಡಾರ ಎಲ್ಲಿ?

ಪ್ರವಾಸದ ಸುಖದುಃಖಗಳೆಲ್ಲ ಈ ಒಂದು ಪ್ರಶ್ನೆಯನ್ನೇ ನೆಚ್ಚಿಕೊಂಡಿವೆ. ಅರಮನೆ, ಬೆಟ್ಟ, ಮೃಗಾಲಯಗಳು ಎಲ್ಲಿ ಇಳಿದುಕೊಂಡರೂ ಇದ್ದಲ್ಲಿಯೇ ಇರುತ್ತವೆ. ಬೆಳಗ್ಗೆ ಎದ್ದ ಕೂಡಲೇ ಕಣ್ಣಿಗೆ ಬೀಳುವುದೇನು, ಮೊದಲ ಲೋಟ ಕಾಫಿಯನ್ನು ಮಾಡುವವರು ಯಾರು, ದೀಪ ಹತ್ತಿದ ಮೇಲೆ ಇಬ್ಬರೂ ಎಲ್ಲಿ ಕುಳಿತು ಏನು ಮಾತನಾಡುತ್ತಾರೆ ಎಂಬುದೆಲ್ಲ ನಿರ್ಧಾರವಾಗುವುದು ಬಿಡಾರದಿಂದ.

ಅಕ್ಕನ ಮನೆಯೋ, ಹೋಟೆಲೋ?

ಬಸವನಗುಡಿಯಲ್ಲಿ ಅಂಥ ಒಂದು ಸಂಸಾರವಿದೆಯೆಂದು ಭಾವಿಸಬಹುದು. ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿ. ಪತ್ನಿ ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿ. ಯಜಮಾನರ ಅಕ್ಕನ ಮನೆ ಮೈಸೂರಿನ ಸರಸ್ವತೀಪುರಂನಲ್ಲಿ. ಸಂಜೆ ಕಾಫಿಯ ಹೊತ್ತಿಗೆ ಮಾತು ಬರುತ್ತದೆ.

“ಅಕ್ಕನ ಮನೆ ಇರುವಾಗ ಹೋಟೆಲಿಗೆ ಏಕೆ ದುಡ್ಡು ಸುರಿಯಬೇಕು? ಗೊತ್ತಾದರೆ ಅವಳು ಬೇಜಾರು ಮಾಡಿಕೊಳ್ಳುತ್ತಾಳೆ.”

“ನಿಮ್ಮಿಷ್ಟ.”

ನಿಘಂಟನ್ನು ತೆರೆದರೆ ಈ ಮಾತಿಗೆ ಒಪ್ಪಿಗೆ ಎಂದೇ ಅರ್ಥ ಹೊಳೆಯುತ್ತದೆ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡಸಿಗಾದರೂ ಅದರ ಇನ್ನೊಂದು ಅರ್ಥ ತಿಳಿದಿರಬೇಕು. ಅತ್ತಿಗೆಯ ಮೇಲೆ ಆಕೆಗೆ ಯಾವ ಅಸಮಾಧಾನವೂ ಇಲ್ಲದಿರಬಹುದು. ಅತ್ತಿಗೆ ದೇವರಂಥ ಮನುಷ್ಯಳೇ ಆಗಿರಬಹುದು. ಆದರೂ ಬಂಧುಗಳ ಮನೆಯಲ್ಲಿ ಗಂಡ ಅತಿಥಿ, ಹೆಂಡತಿ ಸೊಸೆ ಅಥವಾ ನಾದಿನಿ. ಆತ ಜಗುಲಿಯಲ್ಲಿ ಪತ್ರಿಕೆ ಹರಡಿಕೊಂಡು ಕೂರುವ ಹೊತ್ತಿಗೆ ಈಕೆ ಸೆರಗು ಸಿಕ್ಕಿಸಿ ಅಡಿಗೆಮನೆಗೆ ಹೋಗಲೇಬೇಕು. “ನೀನು ಕೂತುಕೊಳ್ಳಮ್ಮ” ಎಂದು ಅತ್ತಿಗೆ ಹೇಳುತ್ತಾರೆ, ಹೇಳಿದರೆಂದು ಕುಳಿತುಬಿಡುವಂತಿಲ್ಲ. ಕಾಯಿ ತುರಿಯುವುದು, ಹುರುಳಿಕಾಯಿ ಹೆಚ್ಚುವುದು, ಮಧ್ಯಾಹ್ನದ ಊಟವಾದ ಮೇಲೆ ಎಲೆ ತೆಗೆಯುವುದು, ಇವೆಲ್ಲ ಊರು ಬದಲಾದರೂ ಬದಲಾಗದ ಕೆಲಸಗಳು. ರಾತ್ರಿ ಹೆಂಗಸರಿಗೆ ಒಳಕೋಣೆ, ಗಂಡಸರಿಗೆ ನಡುಮನೆ ಎಂದು ಹಾಸಿಗೆ ಹಾಸಿದರಂತೂ ಇಪ್ಪತ್ತೈದನೆಯ ವರ್ಷದ ಸಂಭ್ರಮವನ್ನು ದಂಪತಿಗಳು ಗೋಡೆಯ ಆಚೆ ಈಚೆ ಮಲಗಿ ಆಚರಿಸಿದಂತಾಗುತ್ತದೆ.

ಇತ್ತ ಅಕ್ಕನ ಮನಸ್ಸನ್ನೂ ಅಲಕ್ಷಿಸುವಂತಿಲ್ಲ. ಒಡಹುಟ್ಟಿದವನು ತನ್ನೂರಿಗೆ ಬಂದು ಹೋಟೆಲಿನಲ್ಲಿ ಉಳಿದನೆಂದು ನೆರೆಯವರ ಬಾಯಿಂದ ತಿಳಿದರೆ ಆ ನೋವು ಬೇಗ ಮಾಯುವಂಥದಲ್ಲ. ಇಂಥ ಸಂಗತಿಗಳು ಮುಂದಿನ ಮದುವೆಯ ಮನೆಯಲ್ಲಿ, ಬಂಧುಗಳೆಲ್ಲ ಸೇರಿದಾಗ ಹೊರಬರುತ್ತವೆ. ಆಗ ಆಡಿದ ಮಾತಿನ ಭಾರ ಬೀಳುವುದು ತಮ್ಮನ ಮೇಲಲ್ಲ, ತಮ್ಮನ ಹೆಂಡತಿಯ ಮೇಲೆ: “ಅವಳಿಗೆ ನಮ್ಮ ಮನೆ ಒಗ್ಗುವುದಿಲ್ಲ.”

ಈ ಗಂಟನ್ನು ಬಿಡಿಸುವ ಕೈ ಗಂಡನದೇ ಆಗಬೇಕು. ಹೊರಡುವುದಕ್ಕೆ ಎರಡು ವಾರ ಮುಂಚೆ ಆತನೇ ದೂರವಾಣಿಯಲ್ಲಿ ಅಕ್ಕನಿಗೆ ಹೇಳತಕ್ಕದ್ದು: “ಈ ಸಲ ನಾವಿಬ್ಬರೂ ಹೊರಗೆ ಇಳಿದುಕೊಳ್ಳುತ್ತೇವೆ ಅಕ್ಕ, ಇದು ನನ್ನ ಆಸೆ. ಶನಿವಾರ ಮಧ್ಯಾಹ್ನ ಊಟಕ್ಕೆ ನಿನ್ನ ಮನೆಗೇ ಬರುತ್ತೇವೆ.” ‘ನನ್ನ ಆಸೆ’ ಎಂಬ ಎರಡು ಪದಗಳನ್ನು ಮರೆಯಬಾರದು. ‘ಇವಳಿಗೆ ವಿಶ್ರಾಂತಿ ಬೇಕಂತೆ’ ಎಂದುಬಿಟ್ಟರೆ ಗಂಟು ಬಿಚ್ಚುವ ಬದಲು ಇನ್ನೂ ಬಿಗಿಯಾಗುತ್ತದೆ. ಶನಿವಾರದಂದು ಹಣ್ಣು, ಹೂವು, ಅಕ್ಕನಿಗೊಂದು ರವಿಕೆಯ ಕಣ ತೆಗೆದುಕೊಂಡು ಹೋಗಿ, ನೆಮ್ಮದಿಯಾಗಿ ಉಂಡು, ಸಂಜೆಯವರೆಗೆ ಹರಟಿ ಬಂದರೆ ಅಕ್ಕನ ಮರ್ಯಾದೆಯೂ ಉಳಿಯಿತು, ಹೆಂಡತಿಯ ಹೆಸರೂ ಉಳಿಯಿತು.

ಊರಿನ ಯಾವ ಮೂಲೆ?

ಹೋಟೆಲೆಂದು ನಿಶ್ಚಯವಾದ ಮೇಲೆ ಯಾವ ಹೋಟೆಲೆಂದು ವಿಚಾರಿಸುವುದಕ್ಕೆ ಮುಂಚೆ ಊರಿನ ಯಾವ ಭಾಗವೆಂದು ವಿಚಾರಿಸುವುದು ಬುದ್ಧಿವಂತಿಕೆ. ಮೈಸೂರಿನ ಬಿಡಾರಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಪೇಟೆಯ ಒಡಲು. ಗಾಂಧಿ ಚೌಕ, ಸಯ್ಯಾಜಿರಾವ್ ರಸ್ತೆ, ಧನ್ವಂತರಿ ರಸ್ತೆ, ಗ್ರಾಮಾಂತರ ಬಸ್ ನಿಲ್ದಾಣದ ಸುತ್ತಮುತ್ತ. ಇಲ್ಲಿ ತಂಗಿದವರಿಗೆ ಊರಿನ ಮುಖ್ಯ ಸೊಗಸುಗಳೆಲ್ಲ ಕಾಲ್ನಡಿಗೆಯ ದೂರದಲ್ಲಿವೆ. ದೇವರಾಜ ಮಾರುಕಟ್ಟೆಯಲ್ಲಿ ಮೈಸೂರು ಮಲ್ಲಿಗೆಯನ್ನು ಮೊಳ ಹಾಕಿಸಿಕೊಂಡು, ಅದು ಬಾಡುವುದರೊಳಗೆ ಕೋಣೆಗೆ ಮರಳಬಹುದು. ಹತ್ತಿರದಲ್ಲೇ ಜಗನ್ಮೋಹನ ಅರಮನೆ. 1861ರಲ್ಲಿ ಕಟ್ಟಿದ ಈ ಅರಮನೆಯ ಚಿತ್ರಶಾಲೆಯಲ್ಲಿ ರಾಜಾ ರವಿವರ್ಮನ ಚಿತ್ರಗಳ ಜೊತೆಗೆ, ಅಂಗೈಯಿಂದ ದೀಪವನ್ನು ಮರೆಮಾಡಿ ನಿಂತ ಹೆಂಗಸಿನ ಹಳದನ್‌ಕರ್ ಅವರ ಪ್ರಸಿದ್ಧ ಜಲವರ್ಣ ಚಿತ್ರವೂ ಇದೆ.

ಆದರೆ ಪೇಟೆಯ ನಡುವೆ ಉಳಿಯುವುದಕ್ಕೆ ನಿಜವಾದ ಕಾರಣ ಅರಮನೆಯ ದೀಪಾಲಂಕಾರ. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ತರುವಾಯ ಹೆನ್ರಿ ಇರ್ವಿನ್ನನ ನಕ್ಷೆಯಂತೆ ಕಟ್ಟಿ 1912ರಲ್ಲಿ ಪೂರೈಸಿದ ಈಗಿನ ಅರಮನೆಗೆ ಸುಮಾರು ಒಂದು ಲಕ್ಷ ದೀಪಗಳು. ಭಾನುವಾರಗಳಂದು, ಸರ್ಕಾರಿ ರಜಾದಿನಗಳಂದು ಮತ್ತು ದಸರೆಯಲ್ಲಿ ಅವು ಉರಿಯುತ್ತವೆ. ಮಾಮೂಲು ಭಾನುವಾರದಲ್ಲಿ ಸಂಜೆ ಏಳರ ಸುಮಾರಿಗೆ ಹತ್ತಿದ ದೀಪ ಒಂದು ಗಂಟೆ ತುಂಬುವುದರೊಳಗೆ ಆರಿಹೋಗುತ್ತದೆ. ಆರಿದ ಕ್ಷಣದಲ್ಲಿ ಸಾವಿರಾರು ಜನ ಒಟ್ಟಿಗೆ ಹೊರಬಿದ್ದು ಆಟೋಗಳಿಗೆ ಮುತ್ತಿಗೆ ಹಾಕುತ್ತಾರೆ. ದೂರದಲ್ಲಿ ಬಿಡಾರ ಮಾಡಿದವರಿಗೆ ಆ ಬೆಳಕಿನ ನೆನಪು ಬಾಡಿಗೆಯ ಜಗಳದಲ್ಲಿ ಕೊನೆಗೊಳ್ಳುತ್ತದೆ. ಹತ್ತಿರ ಇರುವವರಾದರೋ ಜನ ಕರಗುವವರೆಗೆ ಕುಳಿತಿದ್ದು ಮೆಲ್ಲನೆ ನಡೆದು ಬರಬಹುದು. ಆ ನಡಿಗೆಯಲ್ಲಿ ಆಡುವ ಮಾತು ಮನೆಯಲ್ಲಿ ವರ್ಷಗಟ್ಟಲೆ ಆಡದೆ ಉಳಿದದ್ದಾಗಿರಬಹುದು. ಪೇಟೆಯ ದೋಷವೆಂದರೆ ಸದ್ದು. ಬೆಳಗಿನ ಜಾವಕ್ಕೇ ಬಸ್ಸುಗಳು ಕೂಗಲಾರಂಭಿಸುತ್ತವೆ. ನಿದ್ದೆ ತೆಳುವಾಗಿರುವವರು ಬೀದಿಯ ಕಡೆಯ ಕೋಣೆಯನ್ನು ಒಲ್ಲೆನೆನ್ನಬೇಕು.

ಎರಡನೆಯದು ಯಾದವಗಿರಿ, ಜಯಲಕ್ಷ್ಮೀಪುರಂ, ಗೋಕುಲಂ ಕಡೆಯ ಮರಗಳ ನೆರಳಿನ ಬಡಾವಣೆಗಳು. ಅಲ್ಲಿ ಚಿಕ್ಕ ವಸತಿಗೃಹಗಳೂ, ಮನೆಯವರೇ ನಡೆಸುವ ಹೋಂಸ್ಟೇಗಳೂ ಸಿಗುತ್ತವೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ಅಡ್ಡಾಡಬೇಕೆನ್ನುವವರಿಗೆ ಈ ಭಾಗ ಅನುಕೂಲ. ಕುವೆಂಪು ಅವರು ಅಡ್ಡಾಡುತ್ತಿದ್ದ ಕೆರೆ ಅದು. ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆಯೂ ಇದ್ದು, 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಪುಸ್ತಕ ಓದುವ ದಂಪತಿಗಳಿಗೆ ಈ ಬಡಾವಣೆಗಳು ಹೇಳಿ ಮಾಡಿಸಿದಂತಿವೆ.

ಮೂರನೆಯದು ಚಾಮುಂಡಿಬೆಟ್ಟದ ತಪ್ಪಲಿನ ಕಡೆ. ಇಲ್ಲಿಯ ಕಿರೀಟ ಲಲಿತಮಹಲ್. ವೈಸರಾಯರ ವಾಸ್ತವ್ಯಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಕಟ್ಟಿಸಲು ತೊಡಗಿದ ಈ ಬಿಳಿಯ ಅರಮನೆಯ ನಕ್ಷೆ ಫ್ರಿಚ್ಲಿಯವರದು. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಗುಮ್ಮಟವನ್ನು ನೆನಪಿಗೆ ತರುವ ಗುಮ್ಮಟ ಅದಕ್ಕಿದೆ. 1974ರಲ್ಲಿ ಅದು ವಸತಿಗೃಹವಾಯಿತು. ಊರಿನ ಸಂದಣಿ ಇತ್ತ ಸುಳಿಯುವುದಿಲ್ಲ. ಪೇಟೆಗೆ ಹೋಗಿ ಬರುವುದಕ್ಕೆ ಮಾತ್ರ ಪ್ರತಿ ಸಲವೂ ವಾಹನ ಬೇಕು.

ನಾಲ್ಕನೆಯದು ಊರಿನಿಂದ 20 ಕಿಲೋಮೀಟರಿನಷ್ಟು ದೂರದ ಕನ್ನಂಬಾಡಿ. ಬೃಂದಾವನದ ಮಗ್ಗುಲಲ್ಲೇ ತಂಗುವ ಏರ್ಪಾಡು ಉಂಟು. ಸಂಜೆಯ ಕಾರಂಜಿ ನೋಡಲು ಬಂದವರೆಲ್ಲ ಬಸ್ಸು ಹತ್ತಿ ಹೋದ ಮೇಲೆ ಆ ತೋಟಕ್ಕೆ ಬೇರೆಯೇ ಕಳೆ ಬರುತ್ತದೆ. ಮೈಸೂರನ್ನು ಹತ್ತಾರು ಬಾರಿ ನೋಡಿದವರಿಗೆ ಇದು ಒಪ್ಪುತ್ತದೆ. ಊರು ನೋಡಬೇಕೆಂದು ಬಂದವರಿಗೆ ಇದು ದೂರ.

ಎರಡು ಚೀಟಿಗಳು

ಈ ನಾಲ್ಕರಲ್ಲಿ ಯಾವುದು ಉತ್ತಮವೆಂದರೆ ಯಾವುದೂ ಎಲ್ಲರಿಗೂ ಉತ್ತಮವಲ್ಲ. ನಿರ್ಧರಿಸುವುದಕ್ಕೆ ಸುಲಭವಾದ ಒಂದು ಉಪಾಯವಿದೆ. ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಒಂದೊಂದು ಚೀಟಿ ಬರೆಯಲಿ. ಅದರಲ್ಲಿ ಎರಡೇ ಸಂಗತಿ: ಬೆಳಗ್ಗೆ ಆರರಿಂದ ಎಂಟರವರೆಗೆ ಏನು ಮಾಡಬೇಕೆಂದು ಆಸೆ? ಸಂಜೆ ಏಳರಿಂದ ಒಂಬತ್ತರವರೆಗೆ ಏನು ಮಾಡಬೇಕೆಂದು ಆಸೆ? ನಡುವಿನ ಹೊತ್ತು ಹೇಗೂ ಊರು ನೋಡುವುದರಲ್ಲಿ ಕಳೆಯುತ್ತದೆ. ಬಿಡಾರಕ್ಕೆ ಸೇರಿದ ಹೊತ್ತೆಂದರೆ ಈ ಎರಡೇ.

ಚೀಟಿಗಳನ್ನು ಬಿಡಿಸಿ ನೋಡಿದಾಗ ಕೆಲವು ಮನೆಗಳಲ್ಲಿ ಸೋಜಿಗ ಕಾದಿರುತ್ತದೆ. ‘ಬೆಟ್ಟದ ಸಾವಿರ ಮೆಟ್ಟಿಲು ಹತ್ತಬೇಕು’ ಎಂದು ಯಜಮಾನರು ಬರೆದಿರುತ್ತಾರೆ. ‘ಎಂಟರವರೆಗೆ ಮಲಗಿರಬೇಕು’ ಎಂದು ಪತ್ನಿ ಬರೆದಿರುತ್ತಾರೆ. ಇಪ್ಪತ್ತೈದು ವರ್ಷ ಐದೂವರೆಗೆ ಎದ್ದು ಡಬ್ಬಿ ಕಟ್ಟಿದವಳ ಆಸೆ ಅದಕ್ಕಿಂತ ಬೇರೆ ಏನಾಗಿದ್ದೀತು? ಇದರಲ್ಲಿ ಜಗಳಕ್ಕೆ ಎಡೆಯಿಲ್ಲ. ಒಬ್ಬರು ಬೆಟ್ಟ ಹತ್ತಿ, ದೊಡ್ಡ ನಂದಿಗೆ ಕೈಮುಗಿದು ಬರುವ ವೇಳೆಗೆ ಇನ್ನೊಬ್ಬರು ಎದ್ದು ಕಿಟಕಿಯ ಬಳಿ ಕುಳಿತಿರಬಹುದು. ಹಾಗಾದರೆ ಬೇಕಾದದ್ದು ಸದ್ದಿಲ್ಲದ ಕೋಣೆ, ಬೆಳಕು ಬರುವ ಕಿಟಕಿ, ಕೋಣೆಗೆ ಕಾಫಿ ತಂದುಕೊಡುವ ಸೌಕರ್ಯ ಎಂದು ಚೀಟಿಗಳೇ ಹೇಳಿಬಿಡುತ್ತವೆ.

ಮಕ್ಕಳು ಪ್ರೀತಿಯಿಂದ ತಾವೇ ಕೋಣೆ ಗೊತ್ತುಮಾಡಿ ಕೊಡುವುದುಂಟು. ಮೊಬೈಲಿನ ಚಿತ್ರಗಳನ್ನು ನೋಡಿ ಆರಿಸಿದ ಆ ಕೋಣೆಯಲ್ಲಿ ಈಜುಕೊಳವಿರುತ್ತದೆ. ಈಜು ಬಲ್ಲವರು ದಂಪತಿಗಳಲ್ಲಿ ಒಬ್ಬರೂ ಇರುವುದಿಲ್ಲ. ಮಕ್ಕಳು ಹಣ ಕೊಡಲಿ, ಆಯ್ಕೆಯನ್ನು ತಂದೆತಾಯಿಗೆ ಬಿಡಲಿ. ಒಟ್ಟಿಗೆ ಕುಳಿತು ಆರಿಸುವ ಆ ಒಂದು ಸಂಜೆಯೂ ಪ್ರವಾಸದ್ದೇ ಭಾಗ.

ಲೆಕ್ಕದ ಮಾತು

ಮಧ್ಯಮ ವರ್ಗದ ಸಂಸಾರದಲ್ಲಿ ಲೆಕ್ಕವನ್ನು ಬಿಟ್ಟು ಸಂತೋಷವಿಲ್ಲ. ಊರಾಚೆಯ ಕೋಣೆ ಪೇಟೆಯ ಕೋಣೆಗಿಂತ ದಿನಕ್ಕೆ 500 ರೂಪಾಯಿ ಅಗ್ಗವೆಂದು ಇಟ್ಟುಕೊಂಡರೂ, ದಿನಕ್ಕೆ ನಾಲ್ಕು ಬಾರಿ ಆಟೋಗೆ 150 ರೂಪಾಯಿಯಂತೆ ತೆತ್ತರೆ 600 ಆಯಿತು. ಅಗ್ಗವೆಂದದ್ದು ತುಟ್ಟಿಯಾಯಿತು. ಬಾಡಿಗೆಗೆ ಓಡಾಟದ ಖರ್ಚನ್ನು ಕೂಡಿಸಿಯೇ ತೂಗಿ ನೋಡಬೇಕು.

ತೆರಿಗೆಯ ಒಂದು ಸೂಕ್ಷ್ಮವೂ ತಿಳಿದಿರಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ಮೀರದ ಕೋಣೆಗೆ ಜಿಎಸ್‌ಟಿ ನೂರಕ್ಕೆ 5. ಮೀರಿದರೆ ನೂರಕ್ಕೆ 18. ಹೀಗಾಗಿ 7,500ರ ಕೋಣೆಗೆ ತೆರಿಗೆ ಸೇರಿ 7,875 ರೂಪಾಯಿಯಾದರೆ, 7,600ರ ಕೋಣೆಗೆ 8,968 ರೂಪಾಯಿ. ಬಾಡಿಗೆಯಲ್ಲಿ ನೂರರ ಅಂತರ, ಕೈಬಿಡುವ ಹಣದಲ್ಲಿ ಸಾವಿರಕ್ಕೂ ಮಿಗಿಲಾದ ಅಂತರ.

ಅರಮನೆಯಂಥ ಹೋಟೆಲಿನಲ್ಲಿ ಒಮ್ಮೆಯಾದರೂ ತಂಗಬೇಕೆಂಬ ಆಸೆ ಅನೇಕರಿಗೆ ಇರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಾಡಿಗೆಯ ಅಂಕಿಯನ್ನು ಕಂಡ ಗಳಿಗೆಯಿಂದ ಹೆಂಡತಿಯ ಮನಸ್ಸು ಮಗಳ ಕಾಲೇಜಿನ ಶುಲ್ಕದ ಕಡೆಗೆ ಓಡುವುದಾದರೆ, ಆ ಮಂಚದ ಮೇಲೆ ಆಕೆಗೆ ನಿದ್ದೆ ಬರಲಾರದು. ಮೂರು ರಾತ್ರಿಗಳಲ್ಲಿ ಎರಡನ್ನು ಮಿತವಾದ ಕೋಣೆಯಲ್ಲಿ ಕಳೆದು ಒಂದನ್ನು ಮಾತ್ರ ಅಲ್ಲಿ ಕಳೆಯಬಹುದು. ಅದೂ ಹೆಚ್ಚೆನಿಸಿದರೆ ಅಂಥ ಕಡೆ ಒಂದು ಸಂಜೆಯ ಉಪಾಹಾರಕ್ಕೆ ಹೋಗಿ ಬಂದರೂ ಸಾಕು. ಯಾವುದಾದರೂ ಸರಿ, ಇಬ್ಬರೂ ಕೂಡಿ ಒಪ್ಪಿದ್ದಾಗಿರಬೇಕು. ಬಾಡಿಗೆಯನ್ನು ಮುಚ್ಚಿಟ್ಟು ‘ಅಚ್ಚರಿ’ ಮಾಡಹೊರಟ ಗಂಡಂದಿರು ಲೆಕ್ಕದ ಚೀಟಿ ಕೈಗೆ ಬಂದ ದಿನ ಅದಕ್ಕಿಂತ ದೊಡ್ಡ ಅಚ್ಚರಿಗೆ ಗುರಿಯಾಗುತ್ತಾರೆ.

ಕೇಳಿ ತಿಳಿಯಬೇಕಾದದ್ದು

ಹಣ ಕಟ್ಟುವ ಮುನ್ನ ದೂರವಾಣಿಯಲ್ಲಿ ವಿಚಾರಿಸಲೇಬೇಕಾದ ಕೆಲವು ಸಂಗತಿಗಳಿವೆ. ಕೋಣೆ ಎಷ್ಟನೆಯ ಮಹಡಿ, ಲಿಫ್ಟ್ ಇದೆಯೇ? ಐವತ್ತು ದಾಟಿದ ಮಂಡಿಗಳಿಗೆ ಇದು ಮುಖ್ಯ. ಬಿಸಿನೀರು ದಿನವಿಡೀ ಬರುತ್ತದೆಯೇ, ಬೆಳಗ್ಗೆ ಮಾತ್ರವೇ? ಪಕ್ಕದಲ್ಲಿ ಕಲ್ಯಾಣಮಂಟಪವಿದೆಯೇ? ಇನ್ನೊಬ್ಬರ ಮದುವೆಯ ವಾಲಗ ಕೇಳುತ್ತ ತಮ್ಮ ಮದುವೆಯ ದಿನವನ್ನು ಆಚರಿಸುವುದು ಒಂದು ಗಂಟೆಯ ಮಟ್ಟಿಗೆ ಸೊಗಸು. ಬೆಳಗಿನ ಜಾವದ ಮುಹೂರ್ತಕ್ಕೆ ಅಲ್ಲ. ಕಿಟಕಿ ತೆರೆದರೆ ಕಾಣುವುದು ಬಯಲೋ, ಎದುರು ಕಟ್ಟಡದ ಗೋಡೆಯೋ?

ಕೋಣೆಯ ದಿನ ಯಾವಾಗ ಆರಂಭವಾಗುತ್ತದೆ ಎಂಬುದು ಇನ್ನೊಂದು. ಹಲವು ಲಾಡ್ಜುಗಳಲ್ಲಿ ಒಳಹೊಕ್ಕ ಗಳಿಗೆಯಿಂದ 24 ಗಂಟೆಗೆ ಒಂದು ದಿನದ ಲೆಕ್ಕ. ದೊಡ್ಡ ಹೋಟೆಲುಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ ಕೋಣೆ ಕೊಡುವ ರೂಢಿ. ಬೆಳಗಿನ ರೈಲಿಗೆ ಬಂದವರು ಪೆಟ್ಟಿಗೆಯನ್ನಾದರೂ ಅಲ್ಲಿ ಇರಿಸಲು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಂಡಿದ್ದರೆ ಅರ್ಧ ದಿನ ವ್ಯರ್ಥವಾಗದು. ಗುರುತಿನ ಚೀಟಿ ಇಬ್ಬರದೂ ಜೊತೆಯಲ್ಲಿರಲಿ.

ದಿನದ ಆಯ್ಕೆಯೂ ಬಿಡಾರದ ಆಯ್ಕೆಗೆ ಸೇರಿದ್ದೇ. ದಸರೆಯ ಹತ್ತು ದಿನಗಳಲ್ಲಿ ಕೋಣೆಗಳು ಬಹಳ ಮೊದಲೇ ತುಂಬಿ, ಬಾಡಿಗೆಯೂ ಏರಿರುತ್ತದೆ. ವೈಭವ ಬೇಕೆನ್ನುವವರು ತಿಂಗಳುಗಳ ಮುಂಚೆ ಗೊತ್ತುಮಾಡಲಿ. ಏಕಾಂತ ಬೇಕೆನ್ನುವವರು ಬೇರೆ ವಾರ ಆರಿಸಲಿ. ಅರಮನೆಯ ದೀಪ ನೋಡಬೇಕಾದರೆ ವಾಸ್ತವ್ಯದಲ್ಲಿ ಒಂದು ಭಾನುವಾರದ ಸಂಜೆ ಸೇರಿರಲಿ. ಭಾನುವಾರ ಸಂಜೆಯ ರೈಲಿಗೇ ಹಿಂತಿರುಗುವ ಅವಸರವನ್ನು ಬಿಟ್ಟು ಸೋಮವಾರಕ್ಕೆ ಒಂದು ರಜ ಬರೆದರೆ ಆಯಿತು. 1892ರಿಂದ ಇರುವ ಮೃಗಾಲಯಕ್ಕೆ ಮಂಗಳವಾರ ವಾರದ ಬಿಡುವೆಂಬುದನ್ನೂ ಮರೆಯಬಾರದು.

ಇಷ್ಟೆಲ್ಲ ವಿಚಾರಿಸಿ ಹೋದರೂ ಒಂದಲ್ಲ ಒಂದು ಕೊರತೆ ಇದ್ದೇ ಇರುತ್ತದೆ. ಕಾಫಿ ತೆಳ್ಳಗಿದ್ದೀತು, ದಿಂಬು ಗಟ್ಟಿಯಾದೀತು. ಅವು ಪ್ರವಾಸವನ್ನು ಕೆಡಿಸುವುದಿಲ್ಲ. ಮನೆಯ ಕೆಲಸವೇ ಬೇರೆ ಗೋಡೆಗಳ ನಡುವೆ ಮುಂದುವರಿದರೆ ಮಾತ್ರ ಪ್ರವಾಸ ಕೆಡುತ್ತದೆ. ಇಬ್ಬರಲ್ಲಿ ಯಾರೂ ಯಾರಿಗೂ ಬಡಿಸಬೇಕಾಗಿಲ್ಲದ, ಯಾರ ಎದುರಿಗೂ ಹಂಗಿನಿಂದ ಇರಬೇಕಾಗಿಲ್ಲದ ಒಂದು ಕೋಣೆ ಮೂರು ದಿನದ ಮಟ್ಟಿಗೆ ದೊರೆತರೆ, ಅದು ಗಾಂಧಿ ಚೌಕದ ಹಳೆಯ ಲಾಡ್ಜಾದರೂ ಸರಿಯೇ.

ಮುಂದಿನ ಬಾರಿ ‘ಬಿಡಾರ ಎಲ್ಲಿ?’ ಎಂಬ ಪ್ರಶ್ನೆಗೆ ಮನೆಯಾಕೆ ‘ನಿಮ್ಮಿಷ್ಟ’ ಎಂದರೆ, ಯಜಮಾನರು ಮಾತನ್ನು ಅಲ್ಲಿಗೇ ಮುಗಿಸದೆ, “ನಿನ್ನಿಷ್ಟವೇನು?” ಎಂದು ಕೇಳಲಿ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿದೀತು, ಕಾಯಬೇಕು.